ಫಿಲ್ಟರಿನ ಆವೇಶ ಎಲ್ಲಿ ಖರ್ಚಾಗುತ್ತದೆ: ನಾಗರಬಾವಿಯ ಒಂದು ಮನೆಯಲ್ಲಿ ನನ್ನ ಅನುಭವ

ಕುಡಿಯುವ ನೀರಿನ ಕ್ರಿಮಿಗಳನ್ನು ವಿದ್ಯುದಾವೇಶದಿಂದ ಹಿಡಿಯುವ ಒಂದು ನ್ಯಾನೊ ನಾರಿನ ಫಿಲ್ಟರ್ ಇದೆ. ಅದರ ರಂಧ್ರದ ಅಗಲ ಸರಾಸರಿ 2 ಮೈಕ್ರಾನ್, ಅಂದರೆ 2000 ನ್ಯಾನೊಮೀಟರ್. ಕಾಮಾಲೆ ತರುವ ಹೆಪಟೈಟಿಸ್ ಎ ವೈರಾಣು ಸುಮಾರು 30 ನ್ಯಾನೊಮೀಟರ್, ಅಂದರೆ ರಂಧ್ರದ ಅರವತ್ತರಲ್ಲಿ ಒಂದು ಪಾಲೂ ಇಲ್ಲ. ಆದರೂ ಆ ರಂಧ್ರಗಳ ಮೂಲಕ ಹೋಗುವ ವೈರಾಣುವಿನಂಥ ಕಣಗಳಲ್ಲಿ ಬಹುಪಾಲು ಒಳಗೇ ಸಿಕ್ಕಿಬೀಳುತ್ತವೆ. ನೀರಿನ ಶುದ್ಧೀಕರಣವೇ ಕಸುಬಾದ ನನಗೂ ಮೊದಲ ಸಲ ಈ ಅಂಕಿಗಳನ್ನು ನೋಡಿದಾಗ ನಂಬಿಕೆ ಬರಲಿಲ್ಲ. ಕೈಯಾರೆ ಪರೀಕ್ಷೆ ಮಾಡಿ, ಅಕ್ಕನ ಮನೆಯಲ್ಲಿ ಜೋಡಿಸಿ, ಬಳಸಿ ಬಿಸಾಕಿದ ಕಾರ್ಟ್ರಿಜ್‌ಗಳನ್ನು ಕತ್ತರಿಸಿ ನೋಡಿದ ಮೇಲೆ ನಂಬಿಕೆ ಬಂತು. ನಂಬಿಕೆಯ ಜೊತೆಗೇ ಒಂದು ಎಚ್ಚರಿಕೆಯೂ ಬಂತು. ಇದರ ಬಗ್ಗೆ ಹೊಗಳಿಕೆ ಎಲ್ಲೆಡೆ ಸಿಗುತ್ತದೆ, ಎಚ್ಚರಿಕೆ ಕಡಿಮೆ. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲು ಇದು ಹೇಗೆ ಹಿಡಿಯುತ್ತದೆ ಎನ್ನುವುದು. ಮಾಮೂಲಿ ಕ್ಯಾಂಡಲ್, ಸ್ಪನ್ ಫಿಲ್ಟರ್, ಅತಿ ಸಣ್ಣ ರಂಧ್ರಗಳ ಯುಎಫ್ ಪೊರೆ ಎಲ್ಲವೂ ಜರಡಿಯ ಕೆಲಸ ಮಾಡುವಂಥವು. ರಂಧ್ರಕ್ಕಿಂತ ದೊಡ್ಡದು ನಿಲ್ಲುತ್ತದೆ, ಚಿಕ್ಕದು ಹೋಗುತ್ತದೆ. ಇಲ್ಲಿ ಹಿಡಿಯುವುದು ವಿದ್ಯುದಾವೇಶ. ಕುಡಿಯುವ ನೀರಿನ ಪಿಎಚ್‌ನಲ್ಲಿ ಹೆಚ್ಚಿನ ವೈರಾಣುಗಳು, ಬ್ಯಾಕ್ಟೀರಿಯಾ, ಜೇಡಿಮಣ್ಣಿನ ಕಣಗಳು, ಕೊಳೆತ ಎಲೆಗಳಿಂದ ಬರುವ ಹ್ಯೂಮಿಕ್ ಆಮ್ಲ ಎಲ್ಲವೂ ಮೇಲ್ಮೈಯಲ್ಲಿ ಋಣಾವೇಶ ಹೊತ್ತಿರುತ್ತವೆ. ಅವುಗಳ ದಾರಿಗೆ ಧನಾವೇಶದ ಮೇಲ್ಮೈ ಒಡ್ಡಿದರೆ ಅಂಟಿಕೊಳ್ಳುತ್ತವೆ. ಆ ಮೇಲ್ಮೈ ಬೋಮೈಟ್ ಎಂಬ ಅಲ್ಯುಮಿನಿಯಂ ಆಕ್ಸಿಹೈಡ್ರಾಕ್ಸೈಡ್‌ನದು. ಸುಮಾರು 2 ನ್ಯಾನೊಮೀಟರ್ ದಪ್ಪ, ಇನ್ನೂರೈವತ್ತು ಮುನ್ನೂರು ನ್ಯಾನೊಮೀಟರ್ ಉದ್ದದ ಅದರ ನಾರುಗಳನ್ನು ಗಾಜಿನ ಸೂಕ್ಷ್ಮ ಎಳೆಗಳ ಮೇಲೆ ಬೆಳೆಸಿ, ಕಾಗದದಂತೆ ಹಾಳೆ ಮಾಡಿ, ನೆರಿಗೆ ಹಾಕಿ ಕಾರ್ಟ್ರಿಜ್ ಮಾಡುತ್ತಾರೆ. ಅಷ್ಟು ತೆಳುವಾದ ನಾರಿನ ಮೇಲ್ಮೈಯನ್ನು ಲೆಕ್ಕ ಹಾಕಿ ನೋಡಿ. ಬೋಮೈಟ್ ನೀರಿಗಿಂತ ಮೂರು ಪಟ್ಟು ಸಾಂದ್ರ ಎಂದಿಟ್ಟುಕೊಂಡರೆ ಒಂದೇ ಗ್ರಾಂ ನಾರಿಗೆ 600 ಚದರ ಮೀಟರಿಗೂ ಮಿಕ್ಕಿದ ಮೇಲ್ಮೈ ಬರುತ್ತದೆ. ನಮ್ಮೂರಿನ ಅಳತೆಯಲ್ಲಿ ಹೇಳುವುದಾದರೆ ಐದಾರು 30×40 ಸೈಟು.

ಇದನ್ನು ಮಾರುಕಟ್ಟೆಗೆ ತಂದದ್ದು ಅಮೆರಿಕದ ಫ್ಲಾರಿಡಾದ ಆರ್ಗೊನೈಡ್ ಎಂಬ ಕಂಪನಿ. ಸಣ್ಣ ಉದ್ಯಮಗಳ ಸಂಶೋಧನೆಗೆಂದು ನಾಸಾ ಕೊಡುವ ನೆರವು ಅದಕ್ಕೆ ಸಿಕ್ಕಿತ್ತು, ಬಾಹ್ಯಾಕಾಶದಲ್ಲಿ ನೀರನ್ನು ಮರುಬಳಕೆ ಮಾಡಬೇಕಿತ್ತಲ್ಲ. ನ್ಯಾನೊಸೆರಾಮ್ ಎಂಬ ಹೆಸರಿನ ಈ ಹಾಳೆಯನ್ನು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ, ಅಂದರೆ ಇಪಿಎ, ನೀರಿನಲ್ಲಿ ವೈರಾಣು ಹುಡುಕುವ ತನ್ನ 1615ನೇ ವಿಧಾನದಲ್ಲಿ ಬಳಸುತ್ತದೆ. ನನಗೆ ಹೆಚ್ಚು ಧೈರ್ಯ ಕೊಟ್ಟದ್ದು ಈ ಸಂಗತಿ. ನೂರಾರು ಲೀಟರ್ ನೀರಿನಲ್ಲಿ ಚದುರಿಹೋದ ಬೆರಳೆಣಿಕೆಯ ವೈರಾಣುಗಳನ್ನು ಹಿಡಿದು ಒಟ್ಟು ಮಾಡಲು ಪ್ರಯೋಗಾಲಯದವರೇ ಇದನ್ನು ನೆಚ್ಚಿಕೊಂಡಿದ್ದಾರೆ. ಅದೇ ವಿಧಾನದ ಇನ್ನೊಂದು ಅರ್ಧದಲ್ಲಿ ನಮಗೆ ಒಂದು ಪಾಠವೂ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಅಕ್ಕನ ಮನೆ ಬೆಂಗಳೂರಿನ ನಾಗರಬಾವಿಯಲ್ಲಿ. ನೆಲಮಹಡಿಯಲ್ಲಿ ಅವರು, ಮೇಲೆ ಎರಡು ಬಾಡಿಗೆ ಮನೆ. ಕಾವೇರಿ ನೀರು ದಿನ ಬಿಟ್ಟು ದಿನ. ಜೊತೆಗೆ ಒಂದು ಬೋರ್. 2024ರ ಬೇಸಿಗೆಯಲ್ಲಿ ಬೋರ್ ಸೊರಗಿ ಟ್ಯಾಂಕರ್ ತರಿಸಿದರು. ಕಾವೇರಿ, ಬೋರ್, ಟ್ಯಾಂಕರ್ ಮೂರೂ ಒಂದೇ ಸಂಪಿಗೆ ಬೀಳುತ್ತಿದ್ದವು. ಆಮೇಲೆ ಮೊದಲ ಮಹಡಿಯ ಹುಡುಗನಿಗೆ ಕಾಮಾಲೆ ಆಯಿತು. ನೀರಿನಿಂದಲೇ ಬಂತು ಎಂದು ಸಾಧಿಸಲು ಯಾರಿಗೂ ಆಗುವುದಿಲ್ಲ, ಹೊರಗೆ ತಿಂದದ್ದೂ ಇರಬಹುದು. ಆದರೆ ಡಾಕ್ಟರು ಮನೆಯ ನೀರನ್ನೊಮ್ಮೆ ನೋಡಿಸಿ ಎಂದಿದ್ದರು. ಅಕ್ಕ ನನಗೆ ಫೋನ್ ಮಾಡಿದಳು.

"ಆರ್‌ಒ ಹಾಕ್ಬಿಡೋ ಮೂರೂ ಮನೆಗೆ. ಎಲ್ರೂ ಅದನ್ನೇ ಹಾಕ್ಸಿದಾರೆ."

"ಮೊದ್ಲು ನೀರು ಯಾವ್ದು ಅಂತ ನೋಡೋಣ ಇರಕ್ಕ. ಆಮೇಲೆ ಮಿಷಿನ್ನು."

ನೋಡಿದೆ. ರಸ್ತೆಯ ಪೈಪಿನಿಂದ ನೇರವಾಗಿ ಹಿಡಿದ ಕಾವೇರಿ ನೀರಿನ ಟಿಡಿಎಸ್, ಅಂದರೆ ಲೀಟರಿನಲ್ಲಿ ಕರಗಿದ ಲವಣದ ಮಿಲಿಗ್ರಾಂ ಲೆಕ್ಕ, ಇನ್ನೂರರ ಒಳಗೆ. ಬೋರ್ ನೀರು ಸಾವಿರ ದಾಟಿತ್ತು, ಗಡಸು ಬೇರೆ, ನೈಟ್ರೇಟ್ ಭಾರತೀಯ ಮಾನಕದ ಮಿತಿಯಾದ ಲೀಟರಿಗೆ 45 ಮಿಲಿಗ್ರಾಂ ಮೀರಿತ್ತು. ಸಂಪಿನಲ್ಲಿ ಎರಡೂ ಬೆರೆತು ಒಳ್ಳೆಯ ನೀರೂ ಕೆಡುತ್ತಿತ್ತು. ಕಾವೇರಿಯಿಂದ ಸುಮಾರು 100 ಕಿಲೋಮೀಟರ್ ದೂರಕ್ಕೆ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಕಡೆ ಪಂಪ್ ಮಾಡಿ ಮೇಲೆತ್ತಿ ತಂದ ನೀರು ಅದು. ಅದನ್ನು ಬೋರ್ ನೀರಿಗೆ ಬೆರೆಸಿ, ಬೆರೆತದ್ದನ್ನು ಮತ್ತೆ ಬೇರ್ಪಡಿಸಲು ಆರ್‌ಒ ಹಾಕಿ, ಒಂದು ಲೀಟರ್ ಕುಡಿಯಲು ಎರಡು ಮೂರು ಲೀಟರ್ ಮೋರಿಗೆ ಬಿಡುವುದು ನನ್ನ ಮನಸ್ಸಿಗೆ ಒಪ್ಪುವುದೇ ಇಲ್ಲ. ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ಬೇಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಪರಿಸರ ಸಚಿವಾಲಯಕ್ಕೆ ಹೇಳಿತ್ತು. ಬೋರ್ ನೀರನ್ನೇ ಕುಡಿಯಬೇಕಾದ ಮನೆಗೆ ಆರ್‌ಒ ಬೇಕು, ಅಲ್ಲಿ ನನ್ನ ತಕರಾರಿಲ್ಲ. ಆವೇಶದ ಫಿಲ್ಟರ್ ಉಪ್ಪನ್ನೂ ನೈಟ್ರೇಟನ್ನೂ ಗಡಸುತನವನ್ನೂ ತೆಗೆಯುವುದಿಲ್ಲ. ಅದು ತೆಗೆಯುತ್ತದೆ ಎಂದು ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ.

ಆದರೆ ಕಾವೇರಿ ನೀರಿನ ತೊಂದರೆ ಉಪ್ಪಲ್ಲ. ದಿನ ಬಿಟ್ಟು ದಿನ ನೀರು ಬಿಡುವ ಪೈಪಿನಲ್ಲಿ, ನೀರಿಲ್ಲದ ಹೊತ್ತು ಒತ್ತಡ ಇರುವುದಿಲ್ಲ. ಎಲ್ಲಾದರೂ ಜಾಯಿಂಟು ಸಡಿಲವಿದ್ದು ಪಕ್ಕದಲ್ಲಿ ಒಳಚರಂಡಿ ಸೋರುತ್ತಿದ್ದರೆ ಆ ನೀರು ಒಳಕ್ಕೆ ಜಿನುಗುತ್ತದೆ. ನೀರು ಬಿಟ್ಟ ಮೊದಲ ಹತ್ತು ನಿಮಿಷ ಮಂಕಾಗಿ ಬರುವುದನ್ನು ಬೆಂಗಳೂರಿನ ಎಷ್ಟೋ ಮನೆಗಳವರು ನೋಡಿದ್ದಾರೆ. ಅಂಥ ನೀರಿಗೆ ಬೇಕಾದದ್ದು ಕ್ರಿಮಿ ಹಿಡಿಯುವ ವ್ಯವಸ್ಥೆ. ಯುವಿ ದೀಪ ಒಳ್ಳೆಯದೇ, ಆದರೆ ಕರೆಂಟ್ ಬೇಕು, ನೀರು ತಿಳಿಯಾಗಿರಬೇಕು. ಅಡೆನೊವೈರಸ್‌ನಂಥವು ಮಾಮೂಲಿ ಪ್ರಮಾಣದ ಯುವಿಗೆ ಸುಲಭವಾಗಿ ಬಗ್ಗುವುದಿಲ್ಲ. ಒಳ್ಳೆಯ ಯುಎಫ್ ಕೂಡ ಆಗುತ್ತಿತ್ತು. ಆದರೆ ಎರಡನೇ ಮಹಡಿಯ ಅಡುಗೆಮನೆಗೂ ಮೇಲಿನ ಟ್ಯಾಂಕಿಗೂ ಇರುವ ಎತ್ತರದ ಅಂತರ ನಾಲ್ಕು ಮೀಟರ್. ನಾಲ್ಕು ಮೀಟರ್ ಎಂದರೆ 0.4 ಬಾರ್ ಒತ್ತಡ, ಅಷ್ಟೇ. ರಂಧ್ರ ದೊಡ್ಡದಿದ್ದೂ ಚಿಕ್ಕದನ್ನು ಹಿಡಿಯುವ ಮಾಧ್ಯಮಕ್ಕೆ ನಾನು ಮನಸ್ಸು ಮಾಡಿದ್ದು ಈ ಕಾರಣಕ್ಕೆ.

ಗೋಡೆಗೆ ಏರಿಸುವ ಮೊದಲು ಮೇಜಿನ ಮೇಲೆ ನೋಡಬೇಕಿತ್ತು. ಕಾರ್ಬನ್ ಪುಡಿ ಬೆರೆಸಿದ ಹಾಳೆಯೂ ಸಿಗುತ್ತದೆ, ಪರೀಕ್ಷೆಗೆ ಅದು ಬೇಡ. ಕಾರ್ಬನ್ ಬಣ್ಣವನ್ನು ತಾನೇ ಹೀರಿಬಿಟ್ಟರೆ ಆವೇಶ ಏನು ಮಾಡಿತು ಎಂದು ಗೊತ್ತಾಗುವುದಿಲ್ಲ. ಕಾರ್ಬನ್ ಇಲ್ಲದ ಕಾರ್ಟ್ರಿಜ್ ಒಂದನ್ನು ಬಿಚ್ಚಿ, ಹಾಳೆಯಿಂದ ಬಿಲ್ಲೆಗಳನ್ನು ಕತ್ತರಿಸಿ, ಸಿರಿಂಜಿಗೆ ಹಾಕುವ ಫಿಲ್ಟರ್ ಹೋಲ್ಡರಿನಲ್ಲಿ ಕೂರಿಸಿದೆ. ಗಾಜಿನ ಎಳೆ ಕತ್ತರಿಸುವಾಗ ಕೈಗವಸು, ಮಾಸ್ಕ್ ಎರಡೂ ಹಾಕಿಕೊಳ್ಳಿ, ಧೂಳು ಶ್ವಾಸಕ್ಕೆ ಹೋಗಬಾರದು. ಬಣ್ಣಕ್ಕೆ ತೆಗೆದುಕೊಂಡದ್ದು ಟಾರ್ಟ್ರಜೀನ್, ತಿಂಡಿಗೆ ಹಾಕಲು ಅನುಮತಿ ಇರುವ ನಿಂಬೆ ಹಳದಿ. ಪ್ರಯೋಗಾಲಯಗಳಲ್ಲಿ ಇದೇ ಕೆಲಸಕ್ಕೆ ಮೆಟಾನಿಲ್ ಯೆಲ್ಲೋ ಬಳಸುತ್ತಾರೆ. ಅರಿಶಿನಕ್ಕೂ ತೊಗರಿಬೇಳೆಗೂ ಕಲಬೆರಕೆ ಮಾಡಿ ಸಿಕ್ಕಿಬೀಳುತ್ತಾರಲ್ಲ, ಆ ನಿಷೇಧಿತ ಬಣ್ಣವೇ. ಅಡುಗೆಮನೆಯ ಹತ್ತಿರ ಅದು ಬರುವುದೇ ಬೇಡ ಎಂದು ನಾನು ಟಾರ್ಟ್ರಜೀನ್ ಆರಿಸಿಕೊಂಡೆ. ಎರಡೂ ನೀರಿನಲ್ಲಿ ಋಣಾವೇಶದ ಅಣುಗಳೇ.

ಮೊದಲು ಒಂದು ಮೈಕ್ರಾನಿನ ಸಾದಾ ಗಾಜಿನೆಳೆಯ ಹಾಳೆಯಲ್ಲಿ ಹಳದಿ ನೀರು ಒತ್ತಿದೆ. ಹಳದಿಯಾಗಿಯೇ ಆಚೆ ಬಂತು. ಬರಲೇಬೇಕು, ಬಣ್ಣದ ಅಣು ಒಂದೆರಡು ನ್ಯಾನೊಮೀಟರ್ ಮಾತ್ರ. ಆಮೇಲೆ ಧನಾವೇಶದ ಬಿಲ್ಲೆ. ಇದರ ರಂಧ್ರ ಆ ಸಾದಾ ಹಾಳೆಯದಕ್ಕಿಂತ ದೊಡ್ಡದು. ಆಚೆ ಬಂದದ್ದು ಬಣ್ಣವೇ ಇಲ್ಲದ ನೀರು. ಬಿಲ್ಲೆಯ ಮೇಲ್ಭಾಗ ಹಳದಿಯಾಗಿತ್ತು. ಅಕ್ಕನ ಮಗಳು ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. "ಮಾಮ, ಇದು ಸೋಸಿದ್ದಲ್ಲ, ಎಳ್ಕೊಂಡಿದ್ದು" ಎಂದಳು. ನಾನು ಅರ್ಧ ಗಂಟೆ ವಿವರಿಸಬಹುದಾದದ್ದು ಅವಳಿಗೆ ನೋಡಿದ ಕೂಡಲೇ ತಿಳಿದಿತ್ತು.

ಒತ್ತುತ್ತಾ ಹೋದಂತೆ ಒಂದು ಹಂತದಲ್ಲಿ ನೀರು ತೆಳು ಹಳದಿಗೆ ತಿರುಗಿ, ಬಳಿಕ ಪೂರ್ತಿ ಹಳದಿಯಾಯಿತು. ಆವೇಶ ಮುಗಿದಿತ್ತು. ಸಿರಿಂಜಿನ ಬಿಗಿ ಮಾತ್ರ ಮೊದಲು ಹೇಗಿತ್ತೋ ಕೊನೆಗೂ ಹಾಗೇ ಇತ್ತು. ಈ ಮಾಧ್ಯಮದ ಬಗ್ಗೆ ನಾನು ತಿಳಿದದ್ದರಲ್ಲಿ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ. ಜರಡಿಯಂಥ ಫಿಲ್ಟರ್ ಕಟ್ಟಿಕೊಂಡರೆ ನೀರು ಸಣ್ಣಗೆ ಬೀಳುತ್ತದೆ, ಮನೆಯವರಿಗೆ ಗೊತ್ತಾಗುತ್ತದೆ. ಆವೇಶ ಮುಗಿದ ಫಿಲ್ಟರಿನಿಂದ ನೀರು ಧಾರಾಳವಾಗಿ ಬರುತ್ತಲೇ ಇರುತ್ತದೆ. ಮುಗಿದಿದೆ ಎಂದು ನಲ್ಲಿ ಹೇಳುವುದಿಲ್ಲ.

ಹಾಗಾದರೆ ಆವೇಶವನ್ನು ಖರ್ಚು ಮಾಡುವವರು ಯಾರು ಎಂದು ಹುಡುಕಿದೆ. ಬಣ್ಣವನ್ನು ಬೋರ್ ನೀರಿನಲ್ಲಿ ಕರಗಿಸಿ ಹೊಸ ಬಿಲ್ಲೆಯ ಮೇಲೆ ಒತ್ತಿದಾಗ ಹಳದಿ ಬೇಗ ದಾಟಿತು. ಕರಗಿದ ಲವಣ ಹೆಚ್ಚಾದಷ್ಟೂ ಆವೇಶದ ಸೆಳೆತ ನಾರಿನಿಂದ ದೂರಕ್ಕೆ ತಲುಪುವುದಿಲ್ಲ. ಟಿಡಿಎಸ್ 150ರ ಆಸುಪಾಸಿನ ನೀರಿನಲ್ಲಿ ಆ ಸೆಳೆತದ ವ್ಯಾಪ್ತಿ ಸುಮಾರು 5 ನ್ಯಾನೊಮೀಟರ್, 1200 ಆದರೆ 2ಕ್ಕೂ ಕಡಿಮೆ. ಜೊತೆಗೆ ಸಲ್ಫೇಟಿನಂಥ ಋಣ ಅಯಾನುಗಳು ಜಾಗಕ್ಕೆ ಪೈಪೋಟಿ ಮಾಡುತ್ತವೆ. ಇನ್ನೊಂದು ಬಿಲ್ಲೆಗೆ ಮೊದಲು ತಿಳಿ ಚಹಾ ಡಿಕಾಕ್ಷನ್ ಒತ್ತಿದೆ. ಕಂದು ಬಣ್ಣ ಬಿಲ್ಲೆಯಲ್ಲೇ ನಿಂತಿತು, ಆಚೆ ಬಂದ ನೀರಿಗೆ ಬಣ್ಣವೇ ಇಲ್ಲ. ಆ ಬಿಲ್ಲೆಯ ಮೇಲೆ ಹಳದಿ ನೀರು ಒತ್ತಿದರೆ ಶುರುವಿನಿಂದಲೇ ಹಳದಿ. ಚಹಾದ ಟ್ಯಾನಿನ್ ಜಾಗವನ್ನೆಲ್ಲ ತುಂಬಿಬಿಟ್ಟಿತ್ತು. ಮುಚ್ಚಳ ಒಡೆದ ಟ್ಯಾಂಕಿಗೆ ಉದುರಿ ಕೊಳೆಯುವ ಎಲೆ, ಹೂವು ಬಿಡುವುದೂ ಇಂಥದ್ದನ್ನೇ. ಅಂಥ ಮನೆಯಲ್ಲಿ ಫಿಲ್ಟರಿನ ಆವೇಶ ವೈರಾಣುವಿಗೆ ಉಳಿಯುವುದೇ ಇಲ್ಲ, ಎಲೆಯ ಕಷಾಯಕ್ಕೇ ಹೋಗುತ್ತದೆ. ಅಕ್ಕನ ಮನೆಯಲ್ಲಿ ಆಮೇಲೆ ಮಾಡಿದ ಪ್ರತಿ ಕೆಲಸದ ಹಿಂದೆ ಇದ್ದದ್ದು ಒಂದೇ ವಿಚಾರ: ಆವೇಶ ಕ್ರಿಮಿಗೆ ಮೀಸಲಾಗಿರಬೇಕು, ಮಣ್ಣಿಗೂ ಎಲೆಗೂ ಉಪ್ಪಿಗೂ ಅಲ್ಲ.

ಮೊದಲ ಕೆಲಸ ಕಾವೇರಿ ನೀರನ್ನು ಬೇರೆ ಮಾಡಿದ್ದು. ಹಳೆಯ ಸಂಪ್ ಬೋರಿಗೆ ಮತ್ತು ಟ್ಯಾಂಕರಿಗೆ ಬಿಟ್ಟು, ಗೇಟಿನ ಪಕ್ಕ ಕಾವೇರಿಗೆಂದೇ ಚಿಕ್ಕ ಸಂಪ್ ಕಟ್ಟಿಸಿದೆವು. ತಾರಸಿಯಲ್ಲಿ 500 ಲೀಟರಿನ ಒಂದು ಟ್ಯಾಂಕ್, ಅಲ್ಲಿಂದ ಮೂರೂ ಅಡುಗೆಮನೆಗೆ ಪ್ರತ್ಯೇಕ ಪೈಪು. ಒಟ್ಟು ಖರ್ಚಿನಲ್ಲಿ ದೊಡ್ಡ ಪಾಲು ಇದಕ್ಕೇ ಹೋಯಿತು, ಫಿಲ್ಟರಿಗಲ್ಲ. ಸರಿಯಾದ ಖರ್ಚು ಎಂದೇ ಈಗಲೂ ಹೇಳುತ್ತೇನೆ.

ಹೊಸ ಸಂಪಿನ ವಿಷಯದಲ್ಲಿ ಒಂದು ಮಾತು. ಹೊಸದಾಗಿ ಸಿಮೆಂಟ್ ಗಾರೆ ಮಾಡಿದ ತೊಟ್ಟಿಯಲ್ಲಿ ನಿಂತ ನೀರಿನ ಪಿಎಚ್ ಏರುತ್ತದೆ, ಸುಣ್ಣ ಬಿಡುತ್ತದಲ್ಲ. ನಮ್ಮ ಸಂಪಿನಲ್ಲಿ ಮೊದಲ ಸಲ ತುಂಬಿದ ನೀರು 10 ದಾಟಿತ್ತು. ಬೋಮೈಟಿನ ಧನಾವೇಶ ಪಿಎಚ್ 9ರ ಆಚೆಗೆ ಕರಗತೊಡಗುತ್ತದೆ, ಇನ್ನೂ ಮೇಲೆ ಹೋದರೆ ತಿರುಗಿ ಋಣವೇ ಆಗುತ್ತದೆ. ಹಾಗಾಗಿ ತುಂಬಿಸುವುದು, ಗೋಡೆ ಉಜ್ಜುವುದು, ಚೆಲ್ಲುವುದು, ಮತ್ತೆ ತುಂಬಿಸುವುದು. ಪಿಎಚ್ 8.5ರ ಒಳಗೆ ಬಂದು ಅಲ್ಲೇ ನಿಲ್ಲುವ ತನಕ ನಾನು ಕಾರ್ಟ್ರಿಜ್‌ನ ಪ್ಯಾಕೆಟ್ ಕೂಡ ಬಿಚ್ಚಲಿಲ್ಲ. ಚೆಲ್ಲಿದ ನೀರು ಅಂಗಳ ತೊಳೆಯಲು ಹೋಯಿತು.

ಸಂಪಿನಲ್ಲಿ ಪಂಪನ್ನು ತಳದಿಂದ ಮುಕ್ಕಾಲು ಅಡಿ ಮೇಲೆ ಕೂರಿಸಿದೆವು, ಕೆಸರು ಕೆಳಗೇ ಉಳಿಯಲಿ ಎಂದು. ರಸ್ತೆಯ ಪೈಪಿಗೆ ಒಂದು ಬೈಪಾಸ್ ವಾಲ್ವ್, ನೀರು ಬಿಟ್ಟ ಮೊದಲ ಹತ್ತು ನಿಮಿಷದ್ದು ಹಳೆಯ ಸಂಪಿಗೆ ಹೋಗಲು. ಇದನ್ನು ತಿರುಗಿಸುವುದು ಭಾವನ ಕೆಲಸ, ಅವರು ತಪ್ಪಿಸುವುದಿಲ್ಲ.

ಆಮೇಲೆ ಒತ್ತಡದ ಪ್ರಶ್ನೆ. ಪ್ಲಂಬರ್ ನನ್ನ ಚೀಟಿ ನೋಡಿ ತಲೆ ಅಲ್ಲಾಡಿಸಿದರು. "ಸಾರ್, ಸಾಲಾಗಿ ಇಷ್ಟು ಹೌಸಿಂಗ್ ಹಾಕಿದ್ರೆ ಮೇಲಿನ್ ಮನೆಗೆ ನೀರೇ ಬರಲ್ಲ." ಹೌಸಿಂಗ್ ಎಂದರೆ ಕಾರ್ಟ್ರಿಜ್ ಕೂರಿಸುವ ಡಬ್ಬಿ. ಅವರ ಮಾತು ನ್ಯಾಯವಾದದ್ದೇ. 5 ಮೈಕ್ರಾನ್ ಸ್ಪನ್, 1 ಮೈಕ್ರಾನ್ ಸ್ಪನ್, ನ್ಯಾನೊ ನಾರು, ಕಾರ್ಬನ್ ಎಲ್ಲವನ್ನೂ 0.4 ಬಾರ್ ಒತ್ತಡದ ಅಡುಗೆಮನೆಯಲ್ಲಿ ಸಾಲಾಗಿ ಇಟ್ಟರೆ ಲೋಟ ತುಂಬಲು ಕಾಯುತ್ತಾ ನಿಲ್ಲಬೇಕು. ನಾವು ಮಾಡಿದ್ದು ಸ್ಪನ್ ಫಿಲ್ಟರುಗಳನ್ನು ಕೆಳಗಿಳಿಸಿದ್ದು. ಸಂಪಿನಿಂದ ತಾರಸಿಗೆ ಹತ್ತಿಸುವ ಪಂಪಿಗೆ ಒತ್ತಡ ಬೇಕಾದಷ್ಟಿದೆ, ಆ ಪೈಪಿಗೇ 20 ಇಂಚಿನ ಎರಡು ಜಂಬೋ ಹೌಸಿಂಗ್ ಹಾಕಿ 5 ಮತ್ತು 1 ಮೈಕ್ರಾನಿನವನ್ನು ಕೂರಿಸಿದೆವು. ಟ್ಯಾಂಕಿಗೆ ಹತ್ತುವ ನೀರು ಮಣ್ಣು ಕಳೆದುಕೊಂಡೇ ಹತ್ತುತ್ತದೆ. ಅಡುಗೆಮನೆಗಳಲ್ಲಿ ಉಳಿದದ್ದು ನ್ಯಾನೊ ನಾರು ಮತ್ತು ಕಾರ್ಬನ್ ಮಾತ್ರ. ಎರಡನೇ ಮಹಡಿಗೆ 10 ಇಂಚಿನ ಬದಲು 20 ಇಂಚಿನ ಕಾರ್ಟ್ರಿಜ್ ಕೊಟ್ಟೆ. ಹಾಳೆಯ ವಿಸ್ತಾರ ಎರಡು ಪಟ್ಟು ಆದರೆ ಅದೇ ನೀರಿಗೆ ಒತ್ತಡದ ನಷ್ಟ ಅರ್ಧ. ಎಸ್.ಪಿ. ರಸ್ತೆಯಲ್ಲಿ ಕೊಂಡ ಒತ್ತಡದ ಗೇಜುಗಳನ್ನು ಹೌಸಿಂಗಿನ ಎರಡೂ ಬದಿಗೆ ಹಾಕಿ ನೋಡಿದರೆ ಮುಳ್ಳಿನಲ್ಲಿ ವ್ಯತ್ಯಾಸ ಕಾಣುವುದೇ ಕಷ್ಟ.

ನೀರಿನ ವೇಗವನ್ನು ಬೇಕೆಂದೇ ಕಡಿಮೆ ಇಟ್ಟೆ. ಆರ್‌ಒ ಮಿಷಿನ್ನಿಗೆ ಹಾಕುವ ಕಾಲಿಂಚಿನ ಪೈಪು, ಚಿಕ್ಕ ನಲ್ಲಿ, ನಿಮಿಷಕ್ಕೆ ಒಂದೂವರೆ ಲೀಟರ್. ಕಾರ್ಟ್ರಿಜ್ ಮೇಲೆ ಬರೆದ ಗರಿಷ್ಠಕ್ಕಿಂತ ತುಂಬಾ ಕೆಳಗೆ. 30 ನ್ಯಾನೊಮೀಟರಿನ ಕಣ ನೀರಿನಲ್ಲಿ ತಾನಾಗಿ ಅಲೆದಾಡುತ್ತಾ ಒಂದು ಮೈಕ್ರಾನ್ ದೂರ ಸರಿಯಲು ಸೆಕೆಂಡಿನ ನೂರರಲ್ಲಿ ಮೂರು ಭಾಗದಷ್ಟು ಸಮಯ ಸಾಕು. ಹಾಳೆಯ ಒಳಗೆ ನೀರು ಒಂದೆರಡು ಸೆಕೆಂಡು ಇದ್ದರೂ ಆ ಕಣ ನಾರಿಗೆ ಎಷ್ಟೋ ಸಲ ತಗಲುವ ಅವಕಾಶವಿದೆ. ರಭಸದಿಂದ ಓಡಿಸಿದರೆ ಆ ಅವಕಾಶ ನಾವೇ ಕಿತ್ತುಕೊಂಡಂತೆ.

ಕಾರ್ಬನ್ ಎಲ್ಲಿ ಬರಬೇಕು ಎನ್ನುವುದರಲ್ಲಿ ಈ ಕಸುಬಿನವರಲ್ಲೇ ಎರಡು ಅಭಿಪ್ರಾಯ ಇದೆ. ಮೊದಲು ಇಟ್ಟರೆ ಕರಗಿದ ಸಾವಯವ ವಸ್ತುವನ್ನು ಹೀರಿ ನ್ಯಾನೊ ನಾರನ್ನು ಕಾಪಾಡುತ್ತದೆ, ಇದು ನಿಜ. ಆದರೆ ನೀರಿನಲ್ಲಿರುವ ಕ್ಲೋರಿನನ್ನೂ ಹೀರುತ್ತದೆ. ನ್ಯಾನೊ ನಾರು ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ, ಹಿಡಿದಿಟ್ಟುಕೊಳ್ಳುತ್ತದೆ ಅಷ್ಟೇ. ಕ್ಲೋರಿನ್ ಇಲ್ಲದೆ ಊರಿಗೆ ಹೋದವರ ಮನೆಯಲ್ಲಿ ವಾರಗಟ್ಟಲೆ ನೀರು ನಿಂತರೆ ಹಿಡಿದದ್ದು ಅಲ್ಲೇ ಬೆಳೆಯಬಹುದು. ಟ್ಯಾಂಕ್ ಮುಚ್ಚಿ ಎಲೆ ಬೀಳದಂತೆ ನೋಡಿಕೊಂಡು, ಕ್ಲೋರಿನ್ ನ್ಯಾನೊ ನಾರಿನ ಮೂಲಕ ಹಾದುಹೋಗಲಿ, ಕಾರ್ಬನ್ ಕೊನೆಗಿರಲಿ ಎನ್ನುವುದು ನನ್ನ ನಿರ್ಧಾರ. ಟ್ಯಾಂಕಿನ ನೀರಿನಲ್ಲಿ ಉಳಿಕೆ ಕ್ಲೋರಿನ್ ಮಾನಕ ಹೇಳುವ ಲೀಟರಿಗೆ 0.2 ಮಿಲಿಗ್ರಾಂಗಿಂತ ಇಳಿದರೆ ಅಕ್ಕ ಕ್ಲೋರಿನ್ ದ್ರಾವಣ ಅಳೆದು ಸೇರಿಸುತ್ತಾಳೆ. ಬಣ್ಣ ಹೋಲಿಸಿ ನೋಡುವ ಚಿಕ್ಕ ಕಿಟ್ ಕೊಟ್ಟಿದ್ದೇನೆ, ಅವಳಿಗೆ ಅದು ಈಗ ಹಾಲು ಕೆಟ್ಟಿದೆಯೇ ಎಂದು ನೋಡುವಷ್ಟೇ ಸಲೀಸು.

ಈಗ ಇಪಿಎ ವಿಧಾನದ ಇನ್ನೊಂದು ಅರ್ಧ. ಹಿಡಿದ ವೈರಾಣುವನ್ನು ಅವರು ಫಿಲ್ಟರಿನಿಂದ ಬಿಡಿಸಿಕೊಳ್ಳುವುದು ಹೇಗೆ ಗೊತ್ತೇ? ಪ್ರೋಟೀನ್ ತುಂಬಿದ ಮಾಂಸಸಾರದ ದ್ರಾವಣವನ್ನು ಪಿಎಚ್ 9ಕ್ಕೆ ಏರಿಸಿ ಅದರ ಮೂಲಕ ಹಾಯಿಸುತ್ತಾರೆ. ಕ್ಷಾರ ಆವೇಶವನ್ನು ಸಡಿಲಿಸುತ್ತದೆ, ಪ್ರೋಟೀನ್ ಜಾಗವನ್ನು ಕಸಿಯುತ್ತದೆ, ವೈರಾಣು ಕಳಚಿಕೊಂಡು ಹೊರಬರುತ್ತದೆ. ನಮ್ಮ ಮನೆಗಳಲ್ಲಿ ಸ್ಪನ್ ಫಿಲ್ಟರ್ ಕೊಳೆಯಾದರೆ ಸೋಪಿನ ಪುಡಿ, ಸೋಡಾ, ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿ ಮತ್ತೆ ಹಾಕುವ ರೂಢಿ ಇದೆ. ನ್ಯಾನೊ ನಾರಿಗೆ ಹಾಗೆ ಮಾಡಿದರೆ ತಿಂಗಳುಗಟ್ಟಲೆ ಕೂಡಿಟ್ಟದ್ದನ್ನು ಒಮ್ಮೆಲೇ ಬಿಡಿಸಿ ಬಿಟ್ಟಂತೆ. ಅದಕ್ಕೇ ಮೂರೂ ಮನೆಯ ಹೌಸಿಂಗುಗಳ ಮೇಲೆ ದಪ್ಪ ಅಕ್ಷರದಲ್ಲಿ ಚೀಟಿ ಅಂಟಿಸಿದ್ದೇನೆ: ತೊಳೆಯಬೇಡಿ, ಬದಲಿಸಿ. ಈ ಲೇಖನದಿಂದ ಒಂದೇ ಮಾತು ನೆನಪಿಡುವುದಾದರೆ ಈ ಚೀಟಿಯ ಮಾತು ನೆನಪಿಡಿ.

ಬದಲಿಸುವುದು ಯಾವಾಗ ಎನ್ನುವುದೇ ಕಷ್ಟದ ಪ್ರಶ್ನೆ. ಗೇಜು ಹೇಳುವುದಿಲ್ಲ. ಟಿಡಿಎಸ್ ಮೀಟರ್ ಖಂಡಿತ ಹೇಳುವುದಿಲ್ಲ, ಆವೇಶ ಇದ್ದರೂ ಇಲ್ಲದಿದ್ದರೂ ಟಿಡಿಎಸ್ ಒಂದೇ. ನೀರು ಪರೀಕ್ಷೆಗೆಂದು ಸಿಗುವ ಎಚ್‌2ಎಸ್ ಬಾಟಲಿ, ಕ್ರಿಮಿ ಇದ್ದರೆ ಒಂದೆರಡು ದಿನದಲ್ಲಿ ಕಪ್ಪಾಗುವಂಥದ್ದು, ಬಹಳ ಉಪಯುಕ್ತ ವಸ್ತು. ಆದರೆ ನೀರಿನಲ್ಲಿ ಕ್ಲೋರಿನ್ ಇರುವ ತನಕ ಬ್ಯಾಕ್ಟೀರಿಯಾ ಹೇಗೂ ಸತ್ತಿರುತ್ತವೆ, ಫಿಲ್ಟರಿನ ಗುಟ್ಟು ಅದರಿಂದ ಹೊರಬೀಳುವುದಿಲ್ಲ. ವೈರಾಣುವಿನ ಸುದ್ದಿಯಂತೂ ಅದು ಹೇಳುವುದೇ ಇಲ್ಲ. ಅದರಿಂದ ಪ್ರತಿ ಅಡುಗೆಮನೆಯಲ್ಲೂ ನ್ಯಾನೊ ನಾರಿನ ಕಾರ್ಟ್ರಿಜ್ ಎರಡೆರಡು ಹಾಕಿದೆ, ಒಂದರ ಹಿಂದೆ ಒಂದು, ಎರಡರ ನಡುವೆ ಒಂದು ಚಿಕ್ಕ ನಲ್ಲಿ. ಅಕ್ಕ ಮೊದಲು ಒಪ್ಪಲಿಲ್ಲ. "ಒಂದು ಸಾಲಲ್ವೇನೋ? ಎರಡರ ದುಡ್ಡು ಯಾಕೆ?"

ಯಾಕೆಂದರೆ ಮೊದಲನೆಯದು ಸೋತರೆ ಎರಡನೆಯದು ಹಿಡಿಯುತ್ತದೆ, ಮತ್ತು ಮೊದಲನೆಯದು ಸೋತದ್ದು ನಡುವಿನ ನಲ್ಲಿಯಲ್ಲಿ ಕಾಣುತ್ತದೆ. ನನ್ನ ಬಳಿ ಕಸುಬಿಗೆಂದು ಇರುವ, ನೀರಿನ ಮಂಕನ್ನು ಎನ್‌ಟಿಯು ಎಂಬ ಮಾನದಲ್ಲಿ ತೋರಿಸುವ ಟರ್ಬಿಡಿಟಿ ಮೀಟರಿನಲ್ಲಿ ಆ ನೀರನ್ನು ಆಗಾಗ ಅಳೆಯುತ್ತೇನೆ. ಮಾನಕದ ಪ್ರಕಾರ 1 ಎನ್‌ಟಿಯು ತನಕ ಒಳ್ಳೆಯ ನೀರೇ. ಹೊಸ ನ್ಯಾನೊ ನಾರಿನಿಂದ ಬರುವುದು ಅದರ ಹತ್ತನೇ ಒಂದು ಪಾಲಿಗಿಂತ ಕೆಳಗೆ, ಏಕೆಂದರೆ ಕಣ್ಣಿಗೆ ಕಾಣದ ಅತಿ ಸಣ್ಣ ಮಣ್ಣಿನ ಕಣಗಳನ್ನೂ ಆವೇಶ ಹಿಡಿಯುತ್ತದೆ. ನಡುವಿನ ನಲ್ಲಿಯ ಅಂಕಿ ನಿಧಾನವಾಗಿ ಮೇಲೇರತೊಡಗಿ, ಕೊನೆಯ ನಲ್ಲಿಯದು ಕೆಳಗೇ ನಿಂತಿದ್ದರೆ ಮೊದಲನೆಯದರ ಕಾಲ ಮುಗಿಯಿತು. ಆಗ ಅದನ್ನು ತೆಗೆದು, ಎರಡನೆಯದನ್ನು ಮೊದಲನೆಯ ಜಾಗಕ್ಕೆ ತಂದು, ಹೊಸದನ್ನು ಎರಡನೆಯದರಲ್ಲಿ ಹಾಕುವುದು. ಪ್ರತಿ ಬಾರಿ ಕೊಳ್ಳಬೇಕಾದದ್ದು ಒಂದೇ ಕಾರ್ಟ್ರಿಜ್, ಆದ್ದರಿಂದ ಅಕ್ಕ ಅಂದುಕೊಂಡಷ್ಟು ದುಬಾರಿ ಆಗಲಿಲ್ಲ. ಮೊದಲ ಸಲ ಹಾಕಿದಾಗ ನೀರನ್ನು ಚೆಲ್ಲಿ, ಆಮೇಲಿನ ನೀರನ್ನು ಪ್ರಯೋಗಾಲಯಕ್ಕೆ ಕೊಟ್ಟು ಅಲ್ಯುಮಿನಿಯಂ ಅಂಶ ನೋಡಿಸಿದೆ, ನಾರು ಅದರದ್ದೇ ಆದ್ದರಿಂದ. ಲೀಟರಿಗೆ 0.03 ಮಿಲಿಗ್ರಾಂ ಎನ್ನುವ ಮಿತಿಯೊಳಗೇ ಇತ್ತು.

ಟರ್ಬಿಡಿಟಿಯೂ ಪರೋಕ್ಷ ಸಾಕ್ಷಿಯೇ. ಹಾಗಾಗಿ ತೆಗೆದ ಕಾರ್ಟ್ರಿಜ್‌ಗಳನ್ನು ನೇರವಾಗಿ ಎಸೆಯದೆ ಮನೆಗೆ ತಂದು, ಕತ್ತರಿಸಿ, ಮತ್ತೆ ಅದೇ ಸಿರಿಂಜು, ಅದೇ ಹಳದಿ ನೀರು. ನೆಲಮಹಡಿಯ ಮೊದಲ ಕಾರ್ಟ್ರಿಜ್‌ನ ಬಿಲ್ಲೆಯಲ್ಲಿ ಹಳದಿ ಹೆಚ್ಚುಕಡಿಮೆ ತಡೆಯಿಲ್ಲದೆ ದಾಟಿತು. ನೋಡಲು ಹಾಳೆ ತೆಳು ಬೂದು ಬಣ್ಣ ಅಷ್ಟೇ, ಕೆಸರು ಕಟ್ಟಿರಲಿಲ್ಲ, ಕೈಯಲ್ಲಿ ಹಿಡಿದರೆ ಇನ್ನೂ ಆರು ತಿಂಗಳು ಬಳಸಬಹುದು ಅನ್ನಿಸುವಂತಿತ್ತು. ಅದರ ಹಿಂದಿದ್ದ ಎರಡನೆಯದನ್ನು ಪರೀಕ್ಷೆಗೆಂದೇ ಒಮ್ಮೆ ಬಲಿಕೊಟ್ಟು ನೋಡಿದೆ. ಅದರ ಬಿಲ್ಲೆ ಹೊಸದರಷ್ಟೇ ಹೊತ್ತು ಬಣ್ಣ ಹಿಡಿಯಿತು. ನಡುವಿನ ನಲ್ಲಿಯ ಮಾತನ್ನು ನಂಬಬಹುದು ಎಂದು ಗಟ್ಟಿಯಾದದ್ದು ಆಗಲೇ.

ಮಳೆಗಾಲದ್ದು ಬೇರೆಯೇ ಲೆಕ್ಕ. ನದಿಯ ನೀರು ಕೆಂಪಾದಾಗ ಎಷ್ಟೇ ಶುದ್ಧೀಕರಿಸಿ ಕಳಿಸಿದರೂ ಕರಗಿದ ಸಾವಯವ ಅಂಶ ಬೇಸಿಗೆಗಿಂತ ಹೆಚ್ಚಿರುತ್ತದೆ. ಅದು 1 ಮೈಕ್ರಾನ್ ಸ್ಪನ್ನಿಗೆ ಸಿಗುವುದಿಲ್ಲ, ನ್ಯಾನೊ ನಾರಿಗೇ ಬಂದು ಕೂರುತ್ತದೆ. ಜುಲೈನಿಂದ ಅಕ್ಟೋಬರ್‌ವರೆಗೆ ಬಳಸಿದ ಕಾರ್ಟ್ರಿಜ್ ಬೇಸಿಗೆಯದಕ್ಕಿಂತ ಕಡಿಮೆ ಲೀಟರಿಗೇ ಸೋತದ್ದನ್ನು ಬಿಲ್ಲೆಗಳು ತೋರಿಸಿದವು. ಈಗ ಮೂರೂ ಅಡುಗೆಮನೆಗೆ ಚಿಕ್ಕ ನೀರಿನ ಮೀಟರ್ ಹಾಕಿ, ಒಂದು ಕಾರ್ಟ್ರಿಜ್‌ಗೆ ಮಳೆಗಾಲದಲ್ಲಿ ಇಷ್ಟು ಲೀಟರ್, ಉಳಿದ ಕಾಲದಲ್ಲಿ ಇಷ್ಟು ಎಂದು ಮಿತಿ ಗೊತ್ತುಮಾಡಿದ್ದೇನೆ. ನಿಮ್ಮ ಮನೆಗೆ ನನ್ನ ಅಂಕಿ ಹೊಂದುವುದಿಲ್ಲ, ನಿಮ್ಮ ನೀರು ಬೇರೆ. ನಡುವಿನ ನಲ್ಲಿ ಮತ್ತು ಒಂದು ಸಿರಿಂಜು ಇದ್ದರೆ ನಿಮ್ಮ ಅಂಕಿ ನಿಮಗೇ ಸಿಗುತ್ತದೆ. ಮುಂದಿನ ಮಳೆಗಾಲಕ್ಕೆ ಎರಡನೇ ಮಹಡಿಯ ಸಾಲಿನಲ್ಲಿ ಮಾತ್ರ ಕಾರ್ಬನನ್ನು ನ್ಯಾನೊ ನಾರಿನ ಮುಂದೆ ಇಟ್ಟು, ಉಳಿದೆರಡು ಮನೆಗಳಲ್ಲಿ ಈಗಿರುವಂತೆ ಹಿಂದೆ ಬಿಟ್ಟು ಹೋಲಿಸಬೇಕೆಂದಿದ್ದೇನೆ. ಕ್ಲೋರಿನ್ ತಪ್ಪುವ ಆ ಮನೆಯಲ್ಲಿ ನಡುವಿನ ನಲ್ಲಿಗೆ ಎಚ್‌2ಎಸ್ ಬಾಟಲಿಯನ್ನೂ ಹಿಡಿಯಬೇಕು. ಆ ಮನೆಯವರನ್ನು ಕೇಳಿದ್ದೇನೆ, ಹೋಲಿಕೆ ಮುಗಿಯುವ ತನಕ ಕುಡಿಯುವ ನೀರನ್ನು ಕುದಿಸಿಕೊಳ್ಳಲು ಒಪ್ಪಿದ್ದಾರೆ.